ಎಡಗಡೆಯ ಬಲಗಾಲು

ಫೆಬ್ರವರಿ 3, ಮಂಗಳವಾರ

ನಿವೃತ್ತಿಗೆ ಇನ್ನು ಐವತ್ತಾರು ದಿನ. ಕಚೇರಿಯ ಮೆಟ್ಟಿಲು ಹತ್ತುತ್ತಾ ದಿನ ಎಣಿಸುವುದು ಅಭ್ಯಾಸವಾಗಿದೆ. ಎರಡನೇ ಮಹಡಿಯ ಹೊತ್ತಿಗೆ ಉಸಿರು ಸಾಲದೆ ಎಣಿಕೆ ತಪ್ಪುತ್ತದೆ.

ಮುಖ್ಯಸ್ಥರು ಕರೆದು ಒಂದು ಪತ್ರ ಕೊಟ್ಟರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಬಂದು ಒಂದೂವರೆ ವರ್ಷವಾಯಿತು, ಇನ್ನೂ ನಮ್ಮ ಕೀಟ ಸಂಗ್ರಹದ ಕೋಣೆಯ ಬಾಗಿಲನ್ನು ಒಳಕ್ಕೆ ತಳ್ಳಬೇಕೋ ಹೊರಕ್ಕೆ ಎಳೆಯಬೇಕೋ ಗೊತ್ತಿಲ್ಲ. ಬೇರೆ ಊರಿನ ಸಂಶೋಧಕಿಯೊಬ್ಬಳ ಪತ್ರ ಅದು. ಉದ್ದಗಾಲಿನ ನೊಣಗಳನ್ನು ಒಂದರಿಂದೊಂದು ಬೇರ್ಪಡಿಸಿ ಗುರುತಿಸುವ ಹೊಸ ಕೈಪಿಡಿ ಮಾಡುತ್ತಿದ್ದಾಳಂತೆ. ನಮ್ಮಲ್ಲಿರುವ ಕರಿಗೆಜ್ಜೆಯ ಹೊಟ್ಟೆಯ ತುದಿ ಬಿಡಿಸಿ, ಚಿತ್ರ ಬರೆದು ಕಳಿಸಬೇಕಂತೆ.

ಕರಿಗೆಜ್ಜೆ ಅನ್ನುವುದು ನಾನಿಟ್ಟ ಹೆಸರು. ಅದರ ಶಾಸ್ತ್ರದ ಹೆಸರು ಬರೆಯುವಷ್ಟರಲ್ಲಿ ಚೀಟಿ ಮುಗಿದುಹೋಗುತ್ತದೆ. ಅಕ್ಕಿಕಾಳಿನಷ್ಟೂ ಇಲ್ಲದ ಹಸಿರು ಹೊಳಪಿನ ನೊಣ. ಕಡ್ಡಿಯ ಹಾಗೆ ಕಾಲು. ಗಂಡಿನ ಮುಂಗಾಲಿನ ತುದಿ ಮಾತ್ರ ಅಗಲವಾಗಿ, ಚಪ್ಪಟೆಯಾಗಿ, ಕಪ್ಪಗೆ, ಗೆಜ್ಜೆ ಕಟ್ಟಿದಂತೆ ಕಾಣುತ್ತದೆ. ಆ ಗೆಜ್ಜೆಯೊಂದನ್ನು ಬಿಟ್ಟರೆ ಸಾದಾ ನೊಣಕ್ಕೂ ಅದಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಸಾದಾ ನೊಣ ಯಾವ ಚರಂಡಿಯ ಅಂಚಿನಲ್ಲಾದರೂ ಸಿಗುತ್ತದೆ. ಕರಿಗೆಜ್ಜೆ ಇಡೀ ಜಗತ್ತಿನಲ್ಲಿ ಒಂದೇ ಒಂದು. ಮೂವತ್ತೈದು ವರ್ಷದ ಹಿಂದೆ ಮೇಷ್ಟ್ರು ಹೊಳೆಯ ಮರಳುದಿಣ್ಣೆಯ ಮೇಲೆ ಹಿಡಿದದ್ದು. ಆಮೇಲೆ ಯಾರಿಗೂ ಎರಡನೆಯದು ಸಿಕ್ಕಿಲ್ಲ.

"ನೀವು ಹೋಗೋದ್ರೊಳಗೆ ಮುಗಿಸಿಬಿಡಿ. ನಿಮ್ಮಂಥ ಕೈ ಆಮೇಲೆ ಇಲ್ಲಿ ಯಾರಿಗಿದೆ?" ಎಂದರು ಮುಖ್ಯಸ್ಥರು. ಹೊಗಳಿಕೆಯೋ, ಕೆಲಸ ದಾಟಿಸುವ ಉಪಾಯವೋ. ಎರಡೂ ಇರಬಹುದು.

ಫೆಬ್ರವರಿ 5, ಗುರುವಾರ

ಐವತ್ನಾಲ್ಕು.

ಗುರುವಾರವಾದ್ದರಿಂದ ಸಂಜೆ ಮೇಷ್ಟ್ರ ಮನೆಗೆ ಹೋದೆ. ಅವರು ನಮ್ಮ ವಿಭಾಗದ ಹಳೆಯ ಮುಖ್ಯಸ್ಥರು. ಎಂಬತ್ಮೂರು ವರ್ಷ, ಕಣ್ಣು ಎರಡೂ ಹೆಚ್ಚುಕಡಿಮೆ ಹೋಗಿವೆ, ಬೆಳಕು ಕತ್ತಲೆ ಅಷ್ಟೇ ತಿಳಿಯುತ್ತದೆ. ಹಲ್ಲಿನ ಡಾಕ್ಟರಾಗಿರುವ ಮಗಳ ಜೊತೆ ಇದ್ದಾರೆ. ನಾನು ವಾರಕ್ಕೊಮ್ಮೆ ಹೋಗಿ ಹೊಸ ಪತ್ರಿಕೆಗಳನ್ನು ಓದಿ ಹೇಳುತ್ತೇನೆ. ಅವರು ಅರ್ಧದಷ್ಟು ಲೇಖನಗಳನ್ನು "ದಂಡ" ಅನ್ನುತ್ತಾರೆ, ಉಳಿದರ್ಧಕ್ಕೆ ನಿದ್ದೆ ಮಾಡುತ್ತಾರೆ.

ಸಂಶೋಧಕಿಯ ಪತ್ರದ ವಿಷಯ ಹೇಳಿದೆ. ನಿದ್ದೆ ಹಾರಿಹೋಯಿತು.

"ಹೊಟ್ಟೆ ತುದಿ ಮುಟ್ಟೋಕೆ ಆಗ ನಾನೇ ಬಿಟ್ಟಿರಲಿಲ್ಲ. ಇರೋದೊಂದು. ಕಾಲೇ ಸಾಕು ಅಂದೆ."

"ಬೇಡ ಅಂತ ಬರೆಯಲಾ ಸಾರ್?"

"ಛೆ, ಬೇಡ ಯಾಕೆ? ಈಗ ಕಾಲ ಬದಲಾಗಿದೆ. ಮಾಡು. ನಿನ್ನ ಕೈ ಆದ್ರೆ ಭಯ ಇಲ್ಲ."

ಹಿಂದಿರುಗುವಾಗ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಮನೆಗೆ ಬಂದರೆ ಅತ್ತಿಗೆ ಬಿಸಿನೀರಿನಲ್ಲಿ ಪಾದ ಅದ್ದಿಕೊಂಡು ಕೂತಿದ್ದಳು. ಅಣ್ಣ ಹೋದಾಗಿನಿಂದ ಈ ಎರಡು ಕೋಣೆಯಲ್ಲಿ ನಾವಿಬ್ಬರೇ. ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದಿನವಿಡೀ ನಿಂತೇ ಇರುತ್ತಾಳೆ. "ಬಾ ಪುಟ್ಟಿ, ನೀನೂ ಕಾಲು ಇಳಿಬಿಡು, ಬಕೆಟ್ಟು ದೊಡ್ಡದೇ ಇದೆ," ಅಂದಳು. ಐವತ್ತೆಂಟು ವರ್ಷದ ಪುಟ್ಟಿ ಕಾಲು ಇಳಿಬಿಟ್ಟಳು.

ಫೆಬ್ರವರಿ 9, ಸೋಮವಾರ

ಐವತ್ತು.

ಮೂರು ದಿನ ತೇವದ ಡಬ್ಬಿಯಲ್ಲಿಟ್ಟು ಮೆತ್ತಗೆ ಮಾಡಿ, ಇವತ್ತು ಹೊಟ್ಟೆಯ ತುದಿ ಬಿಡಿಸಿ ಗಾಜಿನ ಮೇಲೆ ಹರಡಿದೆ.

ಸಾದಾ ನೊಣದ ತುದಿಯನ್ನು ಪಕ್ಕದಲ್ಲಿಟ್ಟು ನೋಡಿದೆ. ಕೊಕ್ಕೆ, ಎಲೆಯಂಥ ಭಾಗ, ಅದರ ಅಂಚಿನ ಏಳು ಕೂದಲು. ಎರಡೂ ಒಂದೇ. ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದೆ. ಒಂದೇ.

ಗಂಡು ನೊಣಗಳಲ್ಲಿ ಕಾಲು ಹೇಗೇ ಇರಲಿ, ಜಾತಿ ಬೇರೆಯಾದರೆ ತುದಿ ಬೇರೆ ಇರಲೇಬೇಕು.

ಫೆಬ್ರವರಿ 10, ಮಂಗಳವಾರ

ನಲವತ್ತೊಂಬತ್ತು. ಇಡೀ ಬೆಳಗ್ಗೆ ಕಾಲು ನೋಡಿದೆ.

ಕರಿಗೆಜ್ಜೆಗೆ ಇರುವುದು ಎಡ ಮುಂಗಾಲು ಮಾತ್ರ. ಬಲದ್ದು ಇಲ್ಲವೆಂದು ಮೇಷ್ಟ್ರ ಲೇಖನದಲ್ಲೇ ಇದೆ. ಈ ಗುಂಪಿನ ನೊಣಗಳಿಗೆಲ್ಲ ಮುಂಗಾಲಿನ ನಡುಭಾಗದಲ್ಲಿ ಒಂದು ಸಾಲು ಬಿರುಗೂದಲು ಇರುತ್ತದೆ, ಅದು ಮುಂದಕ್ಕೆ ಮುಖ ಮಾಡಿರುತ್ತದೆ. ಕರಿಗೆಜ್ಜೆಗೆ ಮಾತ್ರ ಹಿಂದಕ್ಕೆ. ಇದೊಂದು ವಿಶೇಷವೆಂದು ಮೇಷ್ಟ್ರು ಎರಡು ಸಾಲು ಬರೆದಿದ್ದಾರೆ.

ವಿಶೇಷವೇನೂ ಇಲ್ಲ. ಅದು ಬಲಗಾಲು. ಎಡಗಡೆಗೆ ಅಂಟಿಸಿದೆ. ಬುಡದಲ್ಲಿ ಸಾಸಿವೆಯ ಕಾಲುಭಾಗದಷ್ಟು ಅಂಟು, ಹಳದಿಗಟ್ಟಿದೆ. ಅಂಟಿನ ಕೆಳಗೆ ನೊಣದ ಸ್ವಂತ ಗಿಣ್ಣು ಕಪ್ಪಗಿದೆ. ಅಂಟಿಸಿದ ಕಾಲಿನ ಬುಡ ಹಳದಿ.

ಬೇರೆ ಯಾವುದೋ ನೊಣದ ಕಾಲನ್ನು ಯಾರೋ ಸಾದಾ ನೊಣಕ್ಕೆ ಅಂಟಿಸಿದ್ದಾರೆ. ಹಳೆಯ ಸಂಗ್ರಹದಲ್ಲಿ ಇಂಥದ್ದು ಆಗುತ್ತಿರುತ್ತದೆ.

ಫೆಬ್ರವರಿ 11, ಬುಧವಾರ

ತಲೆನೋವು. ರಜೆ ಹಾಕಿದೆ.

ಫೆಬ್ರವರಿ 12, ಗುರುವಾರ

ನಲವತ್ತೇಳು. ಮೇಷ್ಟ್ರಿಗೆ ಸೊಳ್ಳೆಗಳ ಬಗ್ಗೆ ಒಂದು ಲೇಖನ ಓದಿದೆ. ದಂಡ ಅಂದರು.

"ನಮ್ಮದು ಏನಾಯ್ತಮ್ಮ?"

"ಇನ್ನೂ ನೆನೀತಾ ಇದೆ ಸಾರ್."

"ಅವಸರ ಮಾಡ್ಬೇಡ."

ಅವರ ಮಗಳು ಚಹಾ ಕೊಟ್ಟಳು. ಕುಡಿಯದೆ ಎದ್ದು ಬಂದೆ ಎಂದು ದಾರಿಯಲ್ಲಿ ನೆನಪಾಯಿತು.

ಫೆಬ್ರವರಿ 15, ಭಾನುವಾರ

ಮಂಗಳವಾರ ಬರೆದದ್ದನ್ನು ಈಗ ಓದಿದೆ. ಯಾರೋ ಅಂತೆ. ಈ ಪುಸ್ತಕವನ್ನು ನನ್ನ ಹೊರತು ಓದುವವರಿಲ್ಲ, ಆದರೂ ಯಾರೋ ಅಂತ ಬರೆದಿದ್ದೇನೆ. ಯಾರೋ ಅಲ್ಲ, ನಾನು.

ಅತ್ತಿಗೆ ಕೆಲಸಕ್ಕೆ ಹೋಗಿದ್ದಾಳೆ. ಬೆಳಗಿನ ಬಿಸಿಲು ಮೇಜಿನ ಮೇಲಿದೆ. ಎಲ್ಲವನ್ನೂ ಬರೆದು ಮುಗಿಸುತ್ತೇನೆ.

ನಾನು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಆ ವಾರ ಮೇಷ್ಟ್ರು, ನಾನು, ಸಂಸ್ಥೆಯ ಜೀಪಿನ ಡ್ರೈವರ್ ಮೂವರೂ ಹೊಳೆಯ ಕಡೆ ಹೋಗಿದ್ದೆವು. ರಸ್ತೆ ಒಂದು ಪಂಪ್‌ಹೌಸಿನ ಹತ್ತಿರ ಮುಗಿಯುತ್ತಿತ್ತು. ಅಲ್ಲಿಂದ ಮರಳುದಿಣ್ಣೆಗೆ ಒಂದೂವರೆ ಗಂಟೆ ನಡಿಗೆ. ಡ್ರೈವರ್ ಜೀಪಿನ ಹತ್ತಿರವೇ ಉಳಿದು, ನಾವು ಬರುವವರೆಗೆ ಹೊತ್ತು ಕಳೆಯಲು ಪಂಪ್‌ಹೌಸಿನ ಗೋಡೆಯ ಮೇಲೆ ಕೂತ ನೊಣಗಳನ್ನು ಸೀಸೆಯಲ್ಲಿ ಹಿಡಿದಿದ್ದ. ಯಾವಾಗಲೂ ಹಿಡಿಯುತ್ತಿದ್ದ. ಮೇಷ್ಟ್ರು ನಗುತ್ತಿದ್ದರು, "ಡ್ರೈವರ್ ಡಿಪಾರ್ಟ್‌ಮೆಂಟಿನ ನೊಣ ಬಂತು," ಅನ್ನುತ್ತಿದ್ದರು. ಅವನ ನೊಣಗಳಿಗೂ ನಾನೇ ಗುಂಡುಸೂಜಿ ಚುಚ್ಚಿ, ಜಾಗವಿಲ್ಲದ್ದರಿಂದ ಮೇಷ್ಟ್ರ ಪೆಟ್ಟಿಗೆಯಲ್ಲೇ ಕೊನೆಯ ಸಾಲಿನಲ್ಲಿ ಇಟ್ಟೆ. ಮೇಷ್ಟ್ರು ಯಾವುದನ್ನೂ ನೋಡುವ ಮೊದಲೇ ಯಾವುದೋ ಸಭೆಗೆಂದು ಬೇರೆ ಊರಿಗೆ ಹೋದರು.

ಶನಿವಾರ ಮೇಲಿನ ಕಪಾಟಿನ ಧೂಳು ಒರೆಸುವಾಗ ಪೆಟ್ಟಿಗೆ ಕೈಜಾರಿ ಬಿದ್ದು, ಒಣಗಿದ ನೊಣಗಳ ಕಾಲು ಮುರಿದು ಚೆಲ್ಲಿದವು. ಜೀಪಿನ ಕೀಲಿ ಇಡಲು ಬಂದ ಡ್ರೈವರ್ ನನ್ನ ಮುಖ ನೋಡಿದ. ನೆಲದ ಮೇಲೆ ಬೋರಲು ಮಲಗಿ, ಟಾರ್ಚ್ ಹಾಕಿಕೊಂಡು, ಬಿಳಿ ಕಾಗದದ ಮೇಲೆ ಒಂದೊಂದೇ ಕಾಲು ಹೆಕ್ಕಿಕೊಟ್ಟ. "ನೋಡಮ್ಮ, ಒಂಬತ್ತು ಸಿಕ್ಕಿದೆ. ಯಾರದು ಯಾರಿಗೆ ಅಂತ ನೀನೇ ನೋಡ್ಕೋ. ನಾನು ಯಾರಿಗೂ ಹೇಳಲ್ಲ."

ಯಾರದು ಯಾರಿಗೆ ಎಂದು ನನಗೂ ಗೊತ್ತಿರಲಿಲ್ಲ. ಅಳುತ್ತಾ ಅಂಟಿಸಿದೆ. ಮೇಷ್ಟ್ರ ಸಾಲಿನ ಒಂದು ನೊಣಕ್ಕೆ ಎರಡೂ ಮುಂಗಾಲು ಇರಲಿಲ್ಲ. ಕಪ್ಪು ತುದಿಯ ಒಂದು ಕಾಲನ್ನು ಅದಕ್ಕೆ ಕೊಟ್ಟೆ.

ಸೋಮವಾರ ಮೇಷ್ಟ್ರು ಬಂದು ಸೂಕ್ಷ್ಮದರ್ಶಕದ ಮುಂದೆ ಕೂತರು. ಸ್ವಲ್ಪ ಹೊತ್ತಾದ ಮೇಲೆ, "ಇಲ್ಲಿ ಬಾಮ್ಮ, ಇದನ್ನ ನೋಡು. ಇದು ಸಾದಾದ್ದಲ್ಲ," ಅಂದರು. ನಾನು ನೋಡಿದೆ. ಹೌದು ಸಾರ್ ಅಂದೆ. ಆ ವರ್ಷ ಅವರಷ್ಟು ಖುಷಿಯಾಗಿದ್ದವರನ್ನು ನಾನು ಕಂಡಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅಂದುಕೊಂಡೆ. ಲೇಖನ ಅಚ್ಚಾಯಿತು. ಆಮೇಲೆ, ಬಹುಶಃ ಅದು ಆ ನೊಣದ ಕಾಲೇ ಇರಬಹುದು ಅಂದುಕೊಂಡೆ. ಅಂದುಕೊಳ್ಳುತ್ತಾ ಅಂದುಕೊಳ್ಳುತ್ತಾ ಅದೇ ನಿಜವಾಯಿತು.

ಡ್ರೈವರ್ ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಅವನು ಯಾರಿಗೂ ಹೇಳಲಿಲ್ಲ.

ಫೆಬ್ರವರಿ 17, ಮಂಗಳವಾರ

ಅತ್ತಿಗೆಗೆ ಹೇಳಿದೆ. ದಿಂಬಿನ ಚೀಲಕ್ಕೆ ಗುಂಡಿ ಹಾಕುತ್ತಿದ್ದಳು, ಸೂಜಿ ನಿಲ್ಲಿಸಲಿಲ್ಲ.

"ಒಂದು ನೊಣದ ಕಾಲಿಗೆ ನೀನು ಒಂದು ವಾರದಿಂದ ಊಟ ಬಿಟ್ಟಿದ್ದೀಯಾ? ನಾನು ಯಾರೋ ಗಂಡಸು ಅಂದ್ಕೊಂಡಿದ್ದೆ."

"ಅತ್ತಿಗೆ."

"ಸರಿ, ಹೇಳು. ಸುಮ್ನಿದ್ರೆ ಯಾರಿಗಾದ್ರೂ ಗೊತ್ತಾಗುತ್ತಾ?"

"ಇಲ್ಲ. ತುದಿ ಕೆಟ್ಟಿತ್ತು ಅಂತ ಬರೆದ್ರೆ ಮುಗೀತು."

"ಗೊತ್ತಾದ್ರೆ ಯಾರಿಗೆ ಒಳ್ಳೇದು?"

ಮರಳುದಿಣ್ಣೆಯ ವಿದ್ಯಾರ್ಥಿಯ ಕಥೆ ಹೇಳಿದೆ. ಎರಡನೇ ಕರಿಗೆಜ್ಜೆ ಹುಡುಕುತ್ತೇನೆಂದು ಮೂರು ಬೇಸಿಗೆ ಆ ಮರಳಿನಲ್ಲಿ ಕೂತ. ಸುಟ್ಟ ಮೂಗು ಹೊತ್ತುಕೊಂಡು ಬಂದು ನನಗೇ ಸೀಸೆಗಳನ್ನು ಕೊಡುತ್ತಿದ್ದ. ನಾನೇ ತೆರೆದು, ಸಾದಾ, ಸಾದಾ, ಸಾದಾ ಎಂದು ಚೀಟಿ ಬರೆಯುತ್ತಿದ್ದೆ. ಕೊನೆಗೆ ಓದೇ ಬಿಟ್ಟ. ಈಗ ಈ ಸಂಶೋಧಕಿಯೂ ಬರುವ ವರ್ಷ ಅಲ್ಲಿಗೇ ಹೋಗುತ್ತೇನೆಂದು ಪತ್ರದ ಕೊನೆಯಲ್ಲಿ ಬರೆದಿದ್ದಾಳೆ.

ಅತ್ತಿಗೆ ದಾರ ಹಲ್ಲಿನಲ್ಲಿ ಕಡಿದಳು. "ಹಾಗಿದ್ರೆ ನನ್ನ ಯಾಕೆ ಕೇಳ್ತೀಯ? ನೀನಾಗ್ಲೇ ಹೊರಟಿದೀಯ. ಚಪ್ಪಲಿ ಹಾಕ್ಕೊಳ್ಳೋದಷ್ಟೇ ಬಾಕಿ."

ಫೆಬ್ರವರಿ 19, ಗುರುವಾರ

ಹೇಳಿದೆ.

ಪತ್ರಿಕೆ ಕೈಯಲ್ಲೇ ಇತ್ತು, ತೆರೆಯಲಿಲ್ಲ. ಪೆಟ್ಟಿಗೆ ಬಿದ್ದದ್ದು, ಡ್ರೈವರ್ ಹೆಕ್ಕಿಕೊಟ್ಟದ್ದು, ಅಂಟು, ಎಡ, ಬಲ, ಹೊಟ್ಟೆಯ ತುದಿ. ಒಂದೂ ಬಿಡದೆ ಹೇಳಿದೆ. ಅವರು ಮುಖವನ್ನು ಕಿಟಕಿಯ ಬೆಳಕಿನ ಕಡೆ ಇಟ್ಟುಕೊಂಡೇ ಕೇಳಿದರು. ಒಳಗೆ ಮಗಳು ಪಾತ್ರೆ ಜೋಡಿಸುವ ಸದ್ದು.

"ಮೂವತ್ತೈದು ವರ್ಷ," ಅಂದರು.

"ಹೌದು ಸಾರ್."

"ಗುರುವಾರ ಗುರುವಾರ ಬಂದು ಓದ್ತಿದ್ದದ್ದು ಇದಕ್ಕೇನಾ?"

ಇದಕ್ಕಲ್ಲ ಸಾರ್ ಅನ್ನಬಹುದಿತ್ತು. ಅಷ್ಟು ಖಂಡಿತವಾಗಿ ನನಗೇ ಗೊತ್ತಿಲ್ಲ.

"ಇನ್ನು ಬರ್ಬೇಡ," ಅಂದರು. ಜೋರಾಗಿ ಹೇಳಲಿಲ್ಲ.

ಬಾಗಿಲ ಬಳಿ ಮಗಳು, "ಏನಾಯ್ತು ಅಕ್ಕಾ?" ಎಂದು ಕೇಳಿದಳು. ಅಪ್ಪನನ್ನೇ ಕೇಳಮ್ಮ ಎಂದು ಬಂದೆ.

ಫೆಬ್ರವರಿ 21, ಶನಿವಾರ

ಏನೂ ಇಲ್ಲ. ಬಟ್ಟೆ ಒಗೆದೆ.

ಫೆಬ್ರವರಿ 24, ಮಂಗಳವಾರ

ಮುಖ್ಯಸ್ಥರಿಗೆ ಬರವಣಿಗೆಯಲ್ಲಿ ಕೊಟ್ಟೆ. ಓದಿ, ಬಾಗಿಲು ಮುಚ್ಚಿ ಬಂದು ಕೂತರು.

"ಹೋಗೋ ಹೊತ್ತಲ್ಲಿ ಯಾಕಮ್ಮ ಇದೆಲ್ಲ ಮೈಮೇಲೆ ಎಳ್ಕೊಳ್ತೀರಿ? ಮಾದರಿ ಹಳೇದು, ಸ್ಪಷ್ಟವಾಗಿ ಕಾಣಲಿಲ್ಲ ಅಂತ ಒಂದು ಸಾಲು ಬರೀರಿ. ನಾನು ಸಹಿ ಹಾಕ್ತೀನಿ. ನಿಮಗೂ ಸುಖ, ನಮಗೂ ಸುಖ."

"ಸ್ಪಷ್ಟವಾಗೇ ಕಾಣ್ತು ಸಾರ್."

"ಸಂಸ್ಥೆಯ ಹೆಸರು ಇದೆ ಅದರಲ್ಲಿ."

"ನನ್ನ ಹೆಸರೂ ಇರಲಿ ಅಂತಲೇ ಕೊಟ್ಟಿದ್ದು."

ಅವರು ಪತ್ರವನ್ನು ಇನ್ನೊಮ್ಮೆ ಓದಿದರು. ಸಂಜೆಯ ಹೊತ್ತಿಗೆ, ಸಂಶೋಧಕಿಗೆ ಹಾಗೇ ಕಳಿಸಿ ಅಂದರು.

ಫೆಬ್ರವರಿ 26, ಗುರುವಾರ

ಸಂಶೋಧಕಿಯಿಂದ ಉತ್ತರ ಬಂತು. ಬೈದಿಲ್ಲ, ಕನಿಕರವನ್ನೂ ತೋರಿಸಿಲ್ಲ. ಒಂದೇ ಪ್ರಶ್ನೆ: ಹಾಗಾದರೆ ಆ ಕಾಲು ಯಾರದು?

ನಾಲ್ಕು ಸಲ ಓದಿದೆ. ಹದಿನೈದು ದಿನದಿಂದ ನಾನು ಅದು ಯಾರ ಕಾಲಲ್ಲ ಎಂಬುದನ್ನೇ ಯೋಚಿಸುತ್ತಿದ್ದೆ. ಇಂಥ ಕಾಲಿನ ನೊಣ ನನಗೆ ತಿಳಿದಂತೆ ಯಾವ ಪುಸ್ತಕದಲ್ಲೂ ಇಲ್ಲ. ಆದರೆ ಕಾಲು ಇದೆ. ಕಾಲು ಇದ್ದ ಮೇಲೆ ನೊಣ ಇದ್ದೇ ಇತ್ತು, ಅದೇ ಪೆಟ್ಟಿಗೆಯಲ್ಲಿ.

ಆ ಪೆಟ್ಟಿಗೆಯ ಮುರಿದ ನೊಣಗಳೆಲ್ಲ "ಹಾಳಾದವು" ಎಂದು ಬರೆದ ಪೆಟ್ಟಿಗೆಗಳಿಗೆ ಹೋಗಿದ್ದವು. ಬೇರೆ ವರ್ಷದವೂ ಸೇರಿ ಈಗ ಮೂರು ಪೆಟ್ಟಿಗೆ. ಅಟ್ಟದಿಂದ ಇಳಿಸಿದೆ. ಆರುನೂರ ಎಂಬತ್ತು ನೊಣ. ಯಾವುದಕ್ಕೂ ಕಾಲು ಪೂರ್ತಿ ಇಲ್ಲ.

ಮಾರ್ಚ್ 4, ಬುಧವಾರ

ಒಂದೊಂದು ನೊಣಕ್ಕೂ ನಾಲ್ಕು ಪ್ರಶ್ನೆ. ಗಂಡೋ ಹೆಣ್ಣೋ? ಮುಂಗಾಲು ಇದೆಯೋ ಇಲ್ಲವೋ? ಇಲ್ಲದಿದ್ದರೆ ಉಳಿದ ಗಿಣ್ಣು ಕಪ್ಪೋ ಹಳದಿಯೋ? ಕಣ್ಣಿನ ಹಿಂದಿನ ಕೂದಲು ಯಾವ ಬಣ್ಣ? ದಿನಕ್ಕೆ ನಲವತ್ತು ಆಗುತ್ತದೆ. ಆಮೇಲೆ ಎಲ್ಲ ನೊಣವೂ ಹಸಿರು ಮಂಜಾಗಿಬಿಡುತ್ತದೆ.

ಕುತ್ತಿಗೆಯ ನೋವಿಗೆ ಅತ್ತಿಗೆ ಎಣ್ಣೆ ಹಚ್ಚಿದಳು. "ಈಗ ಆ ಹೆಸರು ಯಾರಿಗೆ? ಕಾಲಿಗೋ, ಮೈಗೋ?" ಎಂದು ಕೇಳಿದಳು. ಅದನ್ನು ತೀರ್ಮಾನ ಮಾಡಲು ದೊಡ್ಡವರದ್ದೊಂದು ಸಮಿತಿಯೇ ಇದೆ ಅಂದೆ. "ಕೆಲಸ ಇಲ್ಲದವರು," ಅಂದಳು.

ಮಾರ್ಚ್ 12, ಗುರುವಾರ

ಬಸ್ಸಿನಲ್ಲಿ ಕೂತವಳು ಮೇಷ್ಟ್ರ ಮನೆಯ ನಿಲ್ದಾಣದಲ್ಲಿ ಇಳಿದೆ. ಇಳಿದ ಮೇಲೆ ತಿಳಿಯಿತು. ಮುಂದಿನ ಬಸ್ಸು ಬರುವವರೆಗೆ ನಿಂತಿದ್ದೆ. ಅವರ ಕಿಟಕಿ ತೆರೆದಿತ್ತು. ಪತ್ರಿಕೆ ಯಾರು ಓದುತ್ತಾರೋ.

ಎರಡನೇ ಪೆಟ್ಟಿಗೆ ಮುಗಿಯಿತು. ಇಲ್ಲ.

ಮಾರ್ಚ್ 18, ಬುಧವಾರ

ಸಿಕ್ಕಿತು.

ಮೂರನೇ ಪೆಟ್ಟಿಗೆ, ಮೂಲೆಯ ಸಾಲು. ಗಂಡು. ಎರಡೂ ಮುಂಗಾಲು ಇಲ್ಲ, ಒಂದು ರೆಕ್ಕೆಯೂ ಇಲ್ಲ. ಉಳಿದ ಗಿಣ್ಣುಗಳು ಹಳದಿ. ಕಣ್ಣಿನ ಹಿಂದೆ ಕೂದಲು ಬಿಳಿ. ಸಾದಾ ನೊಣಕ್ಕೆ ಗಿಣ್ಣೂ ಕಪ್ಪು, ಕೂದಲೂ ಕಪ್ಪು. ಬಲಗಡೆ ಮುರಿದ ಜಾಗ ಓರೆಯಾಗಿದೆ, ಒಂದು ಪುಟ್ಟ ಚೂರು ಹೊರಚಾಚಿದೆ. ಕರಿಗೆಜ್ಜೆಯ ಅಂಟನ್ನು ಕರಗಿಸಿ ಕಾಲು ಬಿಡಿಸಿ ನೋಡಿದರೆ, ಅದರ ಬುಡದಲ್ಲಿ ಅಷ್ಟೇ ಓರೆ, ಅಷ್ಟೇ ಚೂರಿನ ತಗ್ಗು. ಪಕ್ಕದಲ್ಲಿಟ್ಟೆ. ಮೂವತ್ತೈದು ವರ್ಷದ ಮೇಲೆ ಕೂಡಿಕೊಂಡಿತು.

ಇನ್ನೊಂದು ಕಾಲು ಗುಡಿಸುವವರ ಪೊರಕೆಗೆ ಹೋಗಿರಬೇಕು.

ಚೀಟಿ ನನ್ನದೇ ಅಕ್ಷರ. "ಪಂಪ್‌ಹೌಸ್ ಗೋಡೆ, ಒದ್ದೆ. ಹಿಡಿದವರು:" ಎಂದು ಬರೆದು ಡ್ರೈವರನ ಹೆಸರು. ಅವನ ಹೆಸರನ್ನು ನಾನು ಪೂರ್ತಿಯಾಗಿ ಬರೆದದ್ದು ಅದೊಂದೇ ಸಲ ಎಂದು ಕಾಣುತ್ತದೆ.

ಮರಳುದಿಣ್ಣೆ ಅಲ್ಲವೇ ಅಲ್ಲ. ಎಲ್ಲರೂ ಜೀಪು ನಿಲ್ಲಿಸಿ, ಆ ಗೋಡೆಯ ಪಕ್ಕದಿಂದಲೇ ಮರಳಿಗೆ ನಡೆದು ಹೋಗುತ್ತಿದ್ದೆವು.

ನಾಳೆ ಹೊಟ್ಟೆಯ ತುದಿ ನೋಡಬೇಕು. ಆಯಾಸವಾಗಿದೆ. ಮೇಜಿನ ಮೇಲೆಯೇ ಸ್ವಲ್ಪ ಹೊತ್ತು ತಲೆ ಇಟ್ಟೆ.

ಮಾರ್ಚ್ 23, ಸೋಮವಾರ

ತುದಿ ಬೇರೆಯೇ ಇದೆ. ಕೊಕ್ಕೆ ಕವಲೊಡೆದಿದೆ, ಎಲೆಯಂಥ ಭಾಗದ ಅಂಚಿನಲ್ಲಿ ಏಳರ ಬದಲು ಮೂರೇ ಕೂದಲು. ಚಿತ್ರ ಬರೆದು ಸಂಶೋಧಕಿಗೆ ಕಳಿಸಿದ್ದೆ. ಇದು ಇದುವರೆಗೆ ಯಾರೂ ಕಂಡ ತುದಿಯಲ್ಲ ಎಂದು ಬರೆದಿದ್ದಾಳೆ. ಮೇಷ್ಟ್ರಿಗೂ ಫೋನ್ ಮಾಡಿ ತಿಳಿಸಿದ್ದಾಳಂತೆ.

ಮಧ್ಯಾಹ್ನ ಕಚೇರಿಗೆ ಫೋನ್ ಬಂತು. ಮೇಷ್ಟ್ರ ಮಗಳು.

"ಅಕ್ಕಾ, ಅಪ್ಪ ಒಂದು ಕೇಳು ಅಂತಿದಾರೆ. ಕಣ್ಣಿನ ಹಿಂದಿನ ಕೂದಲು ಬಿಳಿನಾ, ಕಪ್ಪಾ?"

"ಬಿಳಿ."

ಆ ಕಡೆ ಅವಳು ಕೂಗಿ ಹೇಳಿದಳು. ಗೊಣಗಿದ್ದು ಕೇಳಿಸಿತು.

"ಮೇಲಿಂದ ಕೆಳಗಿನ ತನಕ ಬಿಳಿನಾ, ಕೆಳಗಡೆ ಮಾತ್ರನಾ ಅಂತ ಕೇಳ್ತಿದಾರೆ."

"ಕೆಳಗಡೆ ಅರ್ಧ ಮಾತ್ರ."

ಮತ್ತೆ ಕೂಗಾಟ. ಆಮೇಲೆ ಅವಳು ಮೆಲ್ಲಗೆ, "ಗುರುವಾರ ಬರೋಕಾಗುತ್ತಾ? ಹಲ್ಲಿನ ರೋಗಿಗಳ ಮಧ್ಯೆ ನನಗೆ ಈ ನೊಣದ ಕೂದಲು ಅರ್ಥ ಆಗಲ್ಲ," ಅಂದಳು.

ಮಾರ್ಚ್ 26, ಗುರುವಾರ

ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಶರ್ಟಿನ ಗುಂಡಿ ಕುತ್ತಿಗೆಯವರೆಗೆ ಹಾಕಿತ್ತು.

"ಕ್ಷಮಿಸಿದ್ದೀನಿ ಅಂತ ತಿಳ್ಕೋಬೇಡ."

"ಇಲ್ಲ ಸಾರ್."

"ಕೂತ್ಕೋ. ಮೊದಲಿಂದ ಹೇಳು. ತಲೆಯಿಂದ."

ಒಂದು ಗಂಟೆ ಹೇಳಿದೆ. ತಲೆ, ಎದೆ, ರೆಕ್ಕೆಯ ನರ, ಗಿಣ್ಣು, ತುದಿ. ಅವರು ನಡುನಡುವೆ ತಡೆದು ಕೇಳುತ್ತಿದ್ದರು. ಎರಡು ಕಡೆ ನನಗೆ ಉತ್ತರ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂದೆ. ನೋಡ್ಕೊಂಡು ಬಾ ಅಂದರು. ನಂತರ, ಪತ್ರಿಕೆಗೆ ಕಳಿಸಲು ಬರೆದಿದ್ದ ತಿದ್ದುಪಡಿಯ ಟಿಪ್ಪಣಿಯನ್ನು ಓದು ಅಂದರು. ನಾನು ಬರೆದದ್ದನ್ನು ಓದಿದೆ: ಕಾಲನ್ನು ತಪ್ಪಾಗಿ ಅಂಟಿಸಿದ್ದೂ, ಅದನ್ನು ಮುಚ್ಚಿಟ್ಟದ್ದೂ ಈ ಟಿಪ್ಪಣಿ ಬರೆಯುತ್ತಿರುವವಳೇ.

"ಇನ್ನೊಂದು ಸಾಲು ಸೇರಿಸು," ಅಂದರು. "ಕಾಲಿನ ಎಡ ಬಲ ಗುರುತಿಸದೆ, ಅದನ್ನೇ ಹೊಸ ಲಕ್ಷಣ ಅಂತ ಪ್ರಕಟಿಸಿದ್ದು ಮೂಲ ಲೇಖಕ."

"ಸಾರ್, ನಾನು ಅಂಟಿಸದಿದ್ರೆ—"

"ಅಂಟಿಸಿದ್ದು ನೀನು. ನೋಡಿದ್ದು ನಾನು. ಆಗ ನನ್ನ ಕಣ್ಣು ಚೆನ್ನಾಗೇ ಇತ್ತು. ಬರಿ."

ಬರೆದೆ. ಹಿಡಿದವರು ಎಂಬಲ್ಲಿ ಡ್ರೈವರನ ಹೆಸರು ಹಾಕಿದ್ದೇನೆ ಎಂದಾಗ ಮುಖವನ್ನು ನನ್ನ ಕಡೆ ತಿರುಗಿಸಿದರು.

"ಮನೆಯವರು ಯಾರಾದ್ರೂ ಇದ್ದಾರಾ ಅವನಿಗೆ?"

"ವಿಚಾರಿಸಿದೆ ಸಾರ್. ಯಾರೂ ಸಿಗಲಿಲ್ಲ."

"ಹಾಕು," ಅಂದರು. "ಪೂರ್ತಿ ಹೆಸರು ಹಾಕು. ಮೊದಲಕ್ಷರ ಮಾತ್ರ ಬೇಡ."

ಏಪ್ರಿಲ್ 1, ಬುಧವಾರ

ನಿನ್ನೆ ಸಂಗ್ರಹದ ಕೋಣೆಯ ಕೀಲಿ ಒಪ್ಪಿಸುವಾಗ, ಮೇಷ್ಟ್ರು ಕೇಳಿದ ಎರಡು ಪ್ರಶ್ನೆ ಬಾಕಿ ಇವೆ ಎಂದು ಹೇಳಿ ಇನ್ನೊಂದು ತಿಂಗಳು ಬಂದು ಹೋಗಲು ಅನುಮತಿ ತೆಗೆದುಕೊಂಡೆ. ಮುಖ್ಯಸ್ಥರು ಒಂದು ಗೋಡೆ ಗಡಿಯಾರ ಕೊಟ್ಟು ಎರಡು ಮಾತಾಡಿದರು. ಗಡಿಯಾರವನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬರುವಷ್ಟರಲ್ಲಿ ತೊಡೆ ಜೋಮು ಹಿಡಿಯಿತು.

ಟಿಪ್ಪಣಿಯನ್ನು ಪತ್ರಿಕೆಯವರು ಒಪ್ಪಿದ್ದಾರೆ. ಇವತ್ತು ಎರಡೂ ಪ್ರಶ್ನೆಗೆ ಉತ್ತರ ಸಿಕ್ಕಿತು. ಮೇಷ್ಟ್ರು ಅನುಮಾನಪಟ್ಟದ್ದು ಸರಿ, ಹಿಂಗಾಲಿನ ಬಿರುಗೂದಲು ಮೂರಲ್ಲ, ನಾಲ್ಕು.

ಏಪ್ರಿಲ್ 9, ಗುರುವಾರ

ಮೇಷ್ಟ್ರು ಪಂಪ್‌ಹೌಸಿಗೆ ಹೋಗಲೇಬೇಕೆಂದು ಹಟ ಹಿಡಿದರು. ಎರಡೇ ಗಂಟೆ ಎಂದು ಮಗಳು ಕಟ್ಟುನಿಟ್ಟು ಮಾಡಿ, ಟ್ಯಾಕ್ಸಿ ಮಾಡಿಕೊಟ್ಟಳು. ಮಡಚುವ ಕುರ್ಚಿ, ನೀರಿನ ಬಾಟಲಿ, ಟೋಪಿ, ಮಾತ್ರೆ, ಮೇಷ್ಟ್ರು, ನಾನು.

ಪಂಪ್‌ಹೌಸು ಇನ್ನೂ ಇದೆ. ಗೋಡೆಯ ಅರ್ಧಕ್ಕೆ ಸಿಮೆಂಟು ಬಳಿದಿದ್ದಾರೆ. ಉಳಿದರ್ಧ ಒದ್ದೆ, ಪಾಚಿ ಹಿಡಿದಿದೆ. ಮೇಲೆ ಕೊಳವೆಯ ಕೀಲಿನಲ್ಲಿ ನೀರು ಜಿನುಗುತ್ತದೆ. ಕಾವಲುಗಾರ ಬಂದು, "ಸೋರೋದನ್ನ ರಿಪೇರಿ ಮಾಡ್ಸೋಕೆ ಬಂದ್ರಾ? ನಾನು ಸೇರಿದಾಗಿಂದ ಬರೆದು ಬರೆದು ಸಾಕಾಯ್ತು," ಅಂದ.

"ಮಾಡ್ಸೋದು ಬೇಡ ಅಂತ ಹೇಳೋಕೆ ಬಂದಿದೀವಿ," ಅಂದರು ಮೇಷ್ಟ್ರು. ಅವನು ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ.

ಮೇಷ್ಟ್ರನ್ನು ಕುರ್ಚಿಯಲ್ಲಿ ಕೂರಿಸಿ, ಮಂಡಿಯೂರಿ ಮಸೂರ ಹಿಡಿದೆ. ಹಸಿರು ನೊಣಗಳು ಒಂದೊಂದಾಗಿ ಬಂದು ಪಾಚಿಯ ಮೇಲೆ ಕೂರುತ್ತಿದ್ದವು, ಎರಡು ಹೆಜ್ಜೆ ಓಡಿ ನಿಲ್ಲುತ್ತಿದ್ದವು. ಮಂಡಿ ನೋಯುತ್ತಿತ್ತು.

"ಇದೆಯಾ?" ಎಂದು ಕೇಳಿದರು.

ಅವರು ಮುಂದಕ್ಕೆ ಬಾಗಿದ್ದರು. ಎರಡೂ ಕೈ ಮಂಡಿಯ ಮೇಲಿದ್ದವು. ಇದೆ ಸಾರ್ ಅಂದರೆ ನಂಬುತ್ತಿದ್ದರು, ಕಾಣುವುದಂತೂ ಇಲ್ಲ.

"ಇಲ್ಲ ಸಾರ್. ಸಾದಾದ್ದೇ."

"ಎಷ್ಟು ನೋಡ್ದೆ?"

"ಹನ್ನೊಂದು."

"ಸಾದಾ ಅಂತ ಹೇಗೆ ಹೇಳ್ತೀಯ?"

"ಗಿಣ್ಣು ಕಪ್ಪು. ಕಣ್ಣಿನ ಹಿಂದೆ ಕೂದಲೂ ಕಪ್ಪು."

"ಆ ಕೂದಲು ಬರೀ ಮಸೂರಕ್ಕೆ ಕಾಣುತ್ತಾ?"

"ಕಾಣಲ್ಲ ಸಾರ್. ಅದು ಊಹೆ."

"ಊಹೆ ಬಿಡು. ಗಿಣ್ಣು ಕಪ್ಪು ಅಂತಷ್ಟೇ ಬರಿ."

ಬರೆದೆ. ಟ್ಯಾಕ್ಸಿಯವನು ದೂರದಿಂದ ಹಾರನ್ ಮಾಡಿದ. ಹೊತ್ತಾಯಿತು ಸಾರ್ ಅಂದೆ. ಮೇಷ್ಟ್ರು ಏಳಲಿಲ್ಲ.

"ನಾವು ಮರಳಿಗೆ ಹೋದಾಗ ಅವನು ಇಲ್ಲಿ ಎಷ್ಟು ಹೊತ್ತು ಕಾಯ್ತಿದ್ದ?"

"ಒಂದೊಂದ್ಸಲ ಇಡೀ ದಿನ ಸಾರ್."

"ಹಾಗಾದ್ರೆ ಇನ್ನೊಂದು ಗಂಟೆ ಇರೋಣ. ಟ್ಯಾಕ್ಸಿಯವನಿಗೆ ಹೇಳು. ಮಗಳಿಗೂ ಫೋನ್ ಮಾಡಿ ನೀನೇ ಹೇಳು, ನಾನು ಬೈಸ್ಕೊಳ್ಳಲ್ಲ."

ಹೇಳಿದೆ. ಬೈಸಿಕೊಂಡೆ. ಕುರ್ಚಿಯನ್ನು ನೆರಳಿಗೆ ಸರಿಸಿ ಮತ್ತೆ ಮಂಡಿಯೂರಿದೆ. ಹನ್ನೆರಡನೆಯದು ಬಂದು ಕೂತಿತು. ಗಿಣ್ಣು ಕಪ್ಪು. ಬರೆದುಕೊಂಡೆ.